ಕಟ್ಟೆ ನಮ್ಮದು, ನೀರು ಮೇಲಿನದು

ಚಿಕ್ಕಪಡಸಲಗಿಯ ಬ್ಯಾರೇಜಿನ ಕಥೆ ಜಮಖಂಡಿ ಸೀಮೆಯ ಮಕ್ಕಳಿಗೆ ಹೊಸದಲ್ಲ. ಸರ್ಕಾರದ ಹಣಕ್ಕೆ ಕಾದು ಕೂಡದೆ ಕೃಷ್ಣಾ ತೀರದ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು 1989ರಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ‘ಶ್ರಮಬಿಂದು ಸಾಗರ’ ಅದು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದ್ದು ಹಿರಿಯರಿಗೆ ನೆನಪಿರುತ್ತದೆ. ಸ್ವಾವಲಂಬನೆಯ ಮಾತು ಬಂದಾಗಲೆಲ್ಲ ಭಾಷಣಕಾರರು ಈ ಬ್ಯಾರೇಜನ್ನು ಉದಾಹರಿಸುತ್ತಾರೆ. ಉದಾಹರಿಸಬೇಕಾದದ್ದೇ.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಕಟ್ಟೆ ರೈತರದು, ಸರಿ. ಅದರ ಹಿಂದೆ ನಿಲ್ಲುವ ನೀರು ಎಲ್ಲಿಯದು? ಮಹಾಬಳೇಶ್ವರದ ಹತ್ತಿರ ಹುಟ್ಟಿದ ಕೃಷ್ಣೆ, ಕರಾಡದಲ್ಲಿ ಕೊಯ್ನಾ ನದಿಯನ್ನು ಕೂಡಿಕೊಂಡು, ಹಿಪ್ಪರಗಿ ಬ್ಯಾರೇಜನ್ನು ದಾಟಿ ಇಲ್ಲಿಗೆ ಬರುತ್ತಾಳೆ. ಕೆಳಗೆ ಆಲಮಟ್ಟಿ ಜಲಾಶಯವಿದೆ. ಮೇಲಿನವರು ಗೇಟು ಇಳಿಸಿದರೆ ಇಲ್ಲಿ ನದಿ ಬತ್ತುತ್ತದೆ; ಒಮ್ಮೆಲೇ ಎತ್ತಿದರೆ ಹೊಲಕ್ಕೆ ನೀರು ನುಗ್ಗುತ್ತದೆ. ಅದಕ್ಕೇ ಇಲ್ಲಿಯ ರೈತ ಮಳೆಗಾಲದಲ್ಲಿ ತನ್ನ ಊರಿನ ಆಕಾಶದಷ್ಟೇ ಕೊಯ್ನಾ ಜಲಾಶಯದ ಮಟ್ಟವನ್ನೂ ವಿಚಾರಿಸುತ್ತಾನೆ. ತನ್ನ ಶ್ರಮವನ್ನು ನಂಬಿದ್ದರೂ ತಾನು ಯಾರನ್ನು ಅವಲಂಬಿಸಿದ್ದೇನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಈ ಅಂಕಣದಲ್ಲಿ ನದಿಯ ಮಾತೇಕೆ ಎಂದು ಕೇಳಬಹುದು. ಸಾಫ್ಟ್‌ವೇರ್ ಬರೆಯುವವರೂ ತಮ್ಮ ಕೆಲಸಕ್ಕೆ ಇದೇ ನದಿಯ ಭಾಷೆಯನ್ನು ಬಳಸುತ್ತಾರೆ. ಬೇರೆಯವರು ಬರೆದ ಕೋಡನ್ನು ತಂದು ನಮ್ಮ ಕೆಲಸಕ್ಕೆ ಹಚ್ಚಿಕೊಂಡರೆ, ಅದನ್ನು ಬರೆದವರು ನಮಗೆ ‘ಅಪ್‌ಸ್ಟ್ರೀಮ್’, ಅಂದರೆ ಹೊಳೆಯ ಮೇಲಿನವರು. ನಮ್ಮ ಕೋಡನ್ನು ಬಳಸುವವರು ‘ಡೌನ್‌ಸ್ಟ್ರೀಮ್’, ಹೊಳೆಯ ಕೆಳಗಿನವರು. ಕಂಪ್ಯೂಟರ್ ಓದುತ್ತಿರುವ ವಿದ್ಯಾರ್ಥಿಗಳು, ಅವರಿಗಾಗಿ ಶುಲ್ಕ ಕಟ್ಟುತ್ತಿರುವ ಪಾಲಕರು ಇಬ್ಬರೂ ಈ ಮೇಲು-ಕೆಳಗಿನ ಲೆಕ್ಕವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಇವತ್ತಿನ ಸಾಫ್ಟ್‌ವೇರ್ ಉದ್ಯೋಗದಲ್ಲಿ ಹೊಸ ಕೋಡ್ ಬರೆಯುವುದರ ಜೊತೆಗೆ ಈ ಲೆಕ್ಕವನ್ನು ನೋಡಿಕೊಳ್ಳುವುದೂ ಸೇರಿದೆ.

ಮೊದಲು ‘ಎಸ್‌ಡಿಕೆ’ ಎಂದರೇನು ಎಂದು ನೋಡೋಣ. ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಕಿಟ್ ಎಂಬುದರ ಮೊದಲಕ್ಷರಗಳು ಅವು. ಬನಹಟ್ಟಿಯ ಸೀರೆ ಅಂಗಡಿಯಲ್ಲೋ ಮುಧೋಳದ ಕಿರಾಣಿ ಅಂಗಡಿಯಲ್ಲೋ ಮೊಬೈಲಿನಿಂದ ಹಣ ಕೊಡುವಾಗ ಒಂದು ಸಂಗತಿ ಗಮನಿಸಿ. ನಿಮ್ಮ ಮೊಬೈಲಿನಲ್ಲಿರುವುದು ಫೋನ್‌ಪೇ ಇರಲಿ, ಗೂಗಲ್ ಪೇ ಇರಲಿ, ಭೀಮ್ ಇರಲಿ, ಕೊನೆಗೆ ಪಿನ್ ಒತ್ತುವ ಪುಟ ಬಂದಾಗ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ರೂಪ. ಆ ಪುಟ ಆ್ಯಪ್ ಮಾಡಿದ ಕಂಪನಿಯದಲ್ಲ. 2016ರಲ್ಲಿ ಯುಪಿಐ ವ್ಯವಸ್ಥೆಯನ್ನು ಆರಂಭಿಸಿದ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಸಂಸ್ಥೆ ತಾನೇ ಬರೆದು, ‘ಕಾಮನ್ ಲೈಬ್ರರಿ’ ಎಂಬ ಹೆಸರಿನಲ್ಲಿ ಎಲ್ಲ ಆ್ಯಪ್‌ಗಳಿಗೂ ಕೊಟ್ಟಿರುವ ಭಾಗ ಅದು. ನೀವು ಒತ್ತಿದ ಅಂಕಿಗಳು ಅಲ್ಲಿಯೇ ಗುಪ್ತಲಿಪಿಯಾಗಿ ಬ್ಯಾಂಕಿಗೆ ಹೋಗುತ್ತವೆ. ಆ್ಯಪಿನವರ ಕಣ್ಣಿಗೆ ಬೀಳುವುದಿಲ್ಲ.

ಹೀಗೆ ಇನ್ನೊಬ್ಬರು ತಮ್ಮ ಆ್ಯಪಿನೊಳಗೆ ಸೇರಿಸಿಕೊಳ್ಳಲೆಂದೇ ಸಿದ್ಧಪಡಿಸಿದ ಕೋಡು, ಅದನ್ನು ಬಳಸುವ ವಿವರಣೆ, ಮಾದರಿಗಳು, ಪರೀಕ್ಷೆಯ ಸಲಕರಣೆ ಎಲ್ಲ ಸೇರಿದ ಗಂಟೇ ಎಸ್‌ಡಿಕೆ. ಸಾಮಾನ್ಯ ಆ್ಯಪ್ ಮಾಡುವವನಿಗೂ ಎಸ್‌ಡಿಕೆ ಮಾಡುವವನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಆ್ಯಪಿನವನು ಹೊಳೆಯ ಕೊನೆಯ ಹೊಲದವನು. ಅವನ ತಪ್ಪು ಅವನ ಗಿರಾಕಿಗಳಿಗೆ ತಟ್ಟುತ್ತದೆ. ಎಸ್‌ಡಿಕೆ ಮಾಡುವವನು ನಡುವಿನ ಬ್ಯಾರೇಜಿನವನು. ಅವನು ಮೇಲಿನಿಂದ ಏನು ಬಿಟ್ಟುಕೊಂಡನೋ ಅದೆಲ್ಲ ಅವನಿಗೆ ಗೊತ್ತೇ ಇಲ್ಲದ ಕೆಳಗಿನ ನೂರಾರು ಹೊಲಗಳಿಗೆ ಹರಿಯುತ್ತದೆ.

ಮೇಲಿನಿಂದ ಬಿಟ್ಟುಕೊಳ್ಳುವುದು ಎಂದರೆ ಹೇಗೆ? ದಿನಾಂಕ ಬರೆಯುವುದು, ಚಿತ್ರವನ್ನು ಚಿಕ್ಕದು ಮಾಡುವುದು, ಜಾಲದಿಂದ ಮಾಹಿತಿ ತರುವುದು ಇಂಥ ಕೆಲಸಗಳಿಗೆ ಸಿದ್ಧ ಕೋಡಿನ ಕಟ್ಟುಗಳು ಸಿಗುತ್ತವೆ. ಇವುಗಳಿಗೆ ಲೈಬ್ರರಿ ಅಥವಾ ಪ್ಯಾಕೇಜ್ ಎನ್ನುತ್ತಾರೆ. ಜಾವಾದವರಿಗೆ ಮೇವನ್, ಜಾವಾಸ್ಕ್ರಿಪ್ಟಿನವರಿಗೆ ಎನ್‌ಪಿಎಂ, ಪೈಥಾನಿನವರಿಗೆ ಪಿಪ್ ಇವುಗಳನ್ನು ದೊಡ್ಡ ಉಗ್ರಾಣಗಳಿಂದ ತಂದುಕೊಡುತ್ತವೆ. ಒಂದು ಸಾಲು ಬರೆದರೆ ಸಾಕು, ಕಟ್ಟು ಬಂದಿಳಿಯುತ್ತದೆ. ಅದು ಬರುವಾಗ ತನಗೆ ಬೇಕಾದ ಇನ್ನಷ್ಟು ಕಟ್ಟುಗಳನ್ನೂ, ಅವು ತಮಗೆ ಬೇಕಾದವನ್ನೂ ಎಳೆದು ತರುತ್ತವೆ. ಮದುವೆಗೆ ಒಬ್ಬರನ್ನು ಕರೆದರೆ ಅವರ ಬೀಗರು, ಬೀಗರ ಬೀಗರು ಬಂದ ಹಾಗೆ. ನಾವು ಕರೆದದ್ದು ಐದು ಮಂದಿಯನ್ನಾದರೂ ಊಟಕ್ಕೆ ಕುಳಿತವರು ಐನೂರು ಆಗಿರಬಹುದು.

ಇವರಲ್ಲಿ ಒಬ್ಬ ಎದ್ದು ಹೋದರೆ ಏನಾಗುತ್ತದೆ ಎಂಬುದನ್ನು ಜಗತ್ತು 2016ರ ಮಾರ್ಚ್ 22ರಂದು ಕಂಡಿತು. ಅಜರ್ ಕೊಚುಲು ಎಂಬ ಪ್ರೋಗ್ರಾಮರ್ ಒಂದು ಪ್ಯಾಕೇಜಿನ ಹೆಸರಿನ ವಿಷಯದಲ್ಲಿ ಎನ್‌ಪಿಎಂ ಸಂಸ್ಥೆಯೊಂದಿಗೆ ಮುನಿಸಿಕೊಂಡು, ತಾನು ಉಚಿತವಾಗಿ ಕೊಟ್ಟಿದ್ದ ಇನ್ನೂರಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಉಗ್ರಾಣದಿಂದ ಹಿಂತೆಗೆದುಕೊಂಡ. ಅವುಗಳಲ್ಲಿ ‘ಲೆಫ್ಟ್-ಪ್ಯಾಡ್’ ಎಂಬುದೂ ಒಂದು. ಬರೀ ಹನ್ನೊಂದು ಸಾಲಿನ ಕೋಡು. ಪದದ ಎಡಕ್ಕೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬುವುದಷ್ಟೇ ಅದರ ಕೆಲಸ. ಆದರೆ ಅದನ್ನು ನೆಚ್ಚಿದ್ದ ಪ್ಯಾಕೇಜುಗಳನ್ನು ನೆಚ್ಚಿದ್ದ ಪ್ಯಾಕೇಜುಗಳು ಎಷ್ಟಿದ್ದವೆಂದರೆ, ಲೋಕದ ನಾನಾ ಕಡೆ ದೊಡ್ಡ ಕಂಪನಿಗಳ ಕೆಲಸವೂ ನಿಂತಿತು. ಕೆಲವೇ ಗಂಟೆಗಳಲ್ಲಿ ಉಗ್ರಾಣದವರು ಅದನ್ನು ಮರಳಿ ಇಟ್ಟರು. ಕೆಲಸ ನಿಂತವರಲ್ಲಿ ಎಷ್ಟೋ ಜನ ಲೆಫ್ಟ್-ಪ್ಯಾಡ್ ಎಂಬ ಹೆಸರು ಕೇಳಿದ್ದು ಅದೇ ಮೊದಲು.

ಎಸ್‌ಡಿಕೆಗೆ ಸಂಬಂಧಿಸಿದ ಪಾಠ ಇನ್ನೂ ಸ್ಪಷ್ಟವಾಗಿ ಸಿಕ್ಕಿದ್ದು 2020ರಲ್ಲಿ. ಫೇಸ್‌ಬುಕ್ ಖಾತೆಯ ಮೂಲಕ ಒಳಬರುವ ಸೌಲಭ್ಯಕ್ಕಾಗಿ ಅನೇಕ ಆ್ಯಪ್‌ಗಳು ಆ ಕಂಪನಿಯ ಎಸ್‌ಡಿಕೆಯನ್ನು ಸೇರಿಸಿಕೊಂಡಿದ್ದವು. ಮೇ ತಿಂಗಳಲ್ಲಿ ಒಮ್ಮೆ, ಜುಲೈ 10ರಂದು ಮತ್ತೊಮ್ಮೆ ಆ ಕಂಪನಿ ತನ್ನ ಸರ್ವರಿನಲ್ಲಿ ಮಾಡಿದ ಬದಲಾವಣೆಯಿಂದ ಐಫೋನುಗಳಲ್ಲಿ ಸ್ಪಾಟಿಫೈಯಂಥ ಹೆಸರಾಂತ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿದವು. ಫೇಸ್‌ಬುಕ್ ಖಾತೆಯನ್ನೇ ಬಳಸದವರಿಗೂ ಹಾಗೇ ಆಯಿತು; ಆ್ಯಪ್ ಏಳುವಾಗಲೇ ಎಸ್‌ಡಿಕೆಯೂ ಏಳುತ್ತಿತ್ತು. ಹಾಡು ಕೇಳಲು ಹೋದವನು ಬೈದದ್ದು ಮಾತ್ರ ಹಾಡಿನ ಕಂಪನಿಯನ್ನು.

ಹಾಗಾದರೆ ಯಾರನ್ನೂ ನೆಚ್ಚದೆ ಎಲ್ಲವನ್ನೂ ನಾವೇ ಬರೆದುಕೊಂಡರಾಯಿತಲ್ಲ ಎನ್ನುವ ಹುರುಪಿನ ವಿದ್ಯಾರ್ಥಿಗಳಿದ್ದಾರೆ. ಅದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಬ್ಯಾರೇಜಿನ ಸಿಮೆಂಟು, ಕಬ್ಬಿಣ ಯಾರ ಹೊಲದಲ್ಲೂ ಬೆಳೆದಿರಲಿಲ್ಲ. ಗುಪ್ತಲಿಪಿಯಂಥ ಕೋಡನ್ನು ಹೊಸಬರು ತಾವೇ ಬರೆಯಲು ಹೋಗುವುದು ಅಪಾಯ. ಹತ್ತಾರು ತಜ್ಞರು ವರ್ಷಗಟ್ಟಲೆ ತಿದ್ದಿದ್ದನ್ನು ತರುವುದೇ ಜಾಣತನ. ಹನ್ನೊಂದು ಸಾಲಿನದನ್ನು ಬೇಕಾದರೆ ಮನೆಯಲ್ಲೇ ಬರೆದುಕೊಳ್ಳಿ. ತರುವುದೋ ಬರೆಯುವುದೋ ಎಂಬುದನ್ನು ಯೋಚಿಸಿ ತೀರ್ಮಾನಿಸಬೇಕು. ತಂದದ್ದರ ಲೆಕ್ಕ ಇಡಬೇಕು. ಆ ಲೆಕ್ಕ ಇಡುವ ಬಗೆ ನಾಲ್ಕು ಇವೆ.

ಮೊದಲನೆಯದು, ಆವೃತ್ತಿಯನ್ನು ಕಟ್ಟಿಹಾಕುವುದು. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸೀರೆಗೆ ಒಂದೇ ಸಲ ಬಣ್ಣಕ್ಕೆ ಹಾಕಿದ ನೂಲು ಬೇಕು. ಅರ್ಧ ನೇಯ್ದ ಮೇಲೆ ಮತ್ತೊಂದು ಸಲ ಬಣ್ಣ ಹಾಕಿದ ನೂಲು ಹಚ್ಚಿದರೆ, ಬಣ್ಣದ ಹೆಸರು ಅದೇ ಆಗಿದ್ದರೂ ಸೀರೆಯ ಮೇಲೆ ಪಟ್ಟೆ ಎದ್ದು ಕಾಣುತ್ತದೆ. ಪ್ಯಾಕೇಜುಗಳಿಗೂ ಆವೃತ್ತಿಯ ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ 2.4.1 ಎಂಬಂತೆ ಮೂರು ಅಂಕಿ. ಕೊನೆಯದು ಬದಲಾದರೆ ಸಣ್ಣ ದುರಸ್ತಿ, ನಡುವಿನದು ಬದಲಾದರೆ ಹೊಸ ಸೌಲಭ್ಯ, ಮೊದಲನೆಯದು ಬದಲಾದರೆ ಹಳೆಯ ಬಳಕೆದಾರರು ತಮ್ಮ ಕೋಡನ್ನು ತಿದ್ದಿಕೊಳ್ಳಬೇಕಾದೀತು ಎಂಬ ಎಚ್ಚರಿಕೆ. ‘ಇತ್ತೀಚಿನದು ಯಾವುದಿದ್ದರೂ ತಾ’ ಎಂದು ಬರೆದರೆ ಇವತ್ತು ಬಂದದ್ದು ಒಂದು, ತಿಂಗಳ ಮೇಲೆ ಬರುವುದು ಇನ್ನೊಂದು. ಯಾವ ಆವೃತ್ತಿಗಳು ಬಂದಿವೆ ಎಂಬುದನ್ನು ಚಾಚೂ ತಪ್ಪದೆ ಬರೆದಿಡುವ ಕಡತಕ್ಕೆ ‘ಲಾಕ್ ಫೈಲ್’ ಎನ್ನುತ್ತಾರೆ. ಅದನ್ನೂ ಕೋಡಿನ ಜೊತೆಗೇ ಕಾಪಾಡಬೇಕು.

ಎರಡನೆಯದು, ಅವಲಂಬನೆಯ ಬಾಗಿಲನ್ನು ಕಿರಿದಾಗಿಸುವುದು. ಇದಕ್ಕೆ ನಮ್ಮ ಬೆಂಗಳೂರಿನದೇ ಒಳ್ಳೆಯ ಉದಾಹರಣೆ ಇದೆ. ದೇಶದೇಶಗಳು ತಮ್ಮ ಪ್ರಜೆಗಳಿಗೆ ಗುರುತಿನ ಸಂಖ್ಯೆ ಕೊಡಲು ಬಳಸಬಹುದಾದ ‘ಮೋಸಿಪ್’ ಎಂಬ ಮುಕ್ತ ಸಾಫ್ಟ್‌ವೇರನ್ನು ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಅಂದರೆ ಬೆಂಗಳೂರಿನ ಟ್ರಿಪಲ್ ಐಟಿ 2018ರಲ್ಲಿ ಕೈಗೆತ್ತಿಕೊಂಡಿತು. ಫಿಲಿಪ್ಪೀನ್ಸ್, ಮೊರಾಕ್ಕೊ ಮುಂತಾದ ದೇಶಗಳು ಅದನ್ನು ಆರಿಸಿಕೊಂಡವು. ಬೆರಳಚ್ಚು, ಕಣ್ಣುಪಾಪೆ, ಮುಖ ಇವನ್ನು ಹೋಲಿಸಿ ನೋಡುವ ವಿದ್ಯೆ ಮಾತ್ರ ಖಾಸಗಿ ಕಂಪನಿಗಳ ಎಸ್‌ಡಿಕೆಗಳಲ್ಲಿದೆ. ಯಾವುದೋ ಒಂದು ಕಂಪನಿಯ ಕಿಟ್ಟನ್ನು ನಂಬಿ ಇಡೀ ವ್ಯವಸ್ಥೆ ಕಟ್ಟಿದರೆ, ನಾಳೆ ಆ ಕಂಪನಿ ದರ ಏರಿಸಿದರೆ ದೇಶವೇ ಅದರ ಹಿಡಿತಕ್ಕೆ ಸಿಕ್ಕುತ್ತದೆ. ಮೋಸಿಪ್‌ನವರು ಏನು ಮಾಡಿದರೆಂದರೆ, ಬೆರಳಚ್ಚಿನ ಗುಣಮಟ್ಟ ಪರೀಕ್ಷಿಸು, ಅದರ ಲಕ್ಷಣಗಳನ್ನು ತೆಗೆ, ಎರಡನ್ನು ಹೋಲಿಸು ಎಂಬಂಥ ಕೆಲವೇ ಕೆಲಸಗಳ ಹೆಸರು ಮತ್ತು ರೂಪವನ್ನು ತಾವೇ ಗೊತ್ತುಮಾಡಿ ಪ್ರಕಟಿಸಿದರು. ಯಾವ ಕಂಪನಿಯ ಕಿಟ್ ಆದರೂ ಇದೇ ಬಾಗಿಲಿನಿಂದ ಬರಬೇಕು. ಪಂಪು ಯಾವ ಕಂಪನಿಯದಾದರೂ ಪೈಪಿನ ಅಳತೆ ನಮ್ಮದು ಎಂದ ಹಾಗೆ. ನಿಜವಾದ ಕಿಟ್ ಕೈಗೆ ಬರುವ ಮೊದಲೇ ಕೆಲಸ ನಡೆಯಲೆಂದು ಅದೇ ಬಾಗಿಲಿಗೆ ಹೊಂದುವ ಒಂದು ಅಣಕು ಕಿಟ್ಟನ್ನೂ ಅವರು ಇಟ್ಟಿದ್ದಾರೆ. ಈ ಕೋಡೆಲ್ಲ ಮುಕ್ತವಾಗಿದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ತೆರೆದು ಓದಬಹುದು.

ಇದೇ ಮಾತು ಎಸ್‌ಡಿಕೆ ಮಾಡುವವನಿಗೆ ತಿರುಗುಮುರುಗಾಗಿ ಅನ್ವಯಿಸುತ್ತದೆ. ನಿಮ್ಮ ಕಿಟ್ ಒಂದು ಲೈಬ್ರರಿಯ ಹಳೆಯ ಆವೃತ್ತಿಯನ್ನು ಕೇಳುತ್ತದೆ, ಇನ್ನೊಬ್ಬರ ಕಿಟ್ ಅದರದೇ ಹೊಸ ಆವೃತ್ತಿಯನ್ನು ಕೇಳುತ್ತದೆ ಎಂದುಕೊಳ್ಳಿ. ಎರಡು ಕಿಟ್ಟನ್ನೂ ಹಾಕಿಕೊಂಡ ಆ್ಯಪಿನಲ್ಲಿ ಸಾಮಾನ್ಯವಾಗಿ ಒಂದಕ್ಕಷ್ಟೇ ಜಾಗ. ಜಗಳ ನಿಮ್ಮಿಬ್ಬರದು, ತಲೆನೋವು ಆ್ಯಪಿನವನದು. ಆದ್ದರಿಂದ ಕಿಟ್ ಮಾಡುವವನು ಆದಷ್ಟು ಕಡಿಮೆ ತರಬೇಕು, ತಂದದ್ದನ್ನು ಒಳಗೇ ಇಟ್ಟುಕೊಳ್ಳಬೇಕು, ಕೆಳಗಿನವರಿಗೆ ಕಾಣುವ ಬಾಗಿಲಲ್ಲಿ ಅದರ ಹೆಸರು ಬರದಂತೆ ನೋಡಿಕೊಳ್ಳಬೇಕು.

ಮೂರನೆಯದು, ಹತ್ಯಾರಗಳನ್ನೂ ಲೆಕ್ಕಕ್ಕೆ ಹಿಡಿಯುವುದು. ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರಲು ಹಲವು ಸಾಧನಗಳು ಬೇಕು. ಇವುಗಳನ್ನು ಮರೆತರೆ ಏನಾಗುತ್ತದೆಂಬುದು ಹಳೆಯ ಕಥೆ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ಎಂಬಾತ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಒಂದು ಬೆಳಗನ್ನೇ ಕಳೆದ. ತಪ್ಪನ್ನು ತಿದ್ದಿಯಾಗಿತ್ತು; ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೇ. ಅವನ ಗೋಳು ಕೇಳಿದ ಸಹೋದ್ಯೋಗಿ ಸ್ಟೂವರ್ಟ್ ಫೆಲ್ಡ್‌ಮನ್, ಯಾವ ಕಡತ ಯಾವುದನ್ನು ನೆಚ್ಚಿದೆ ಎಂದು ಬರೆದಿಟ್ಟರೆ ಬದಲಾದದ್ದನ್ನು ತಾನೇ ಗುರುತಿಸಿ ಮತ್ತೆ ಕಟ್ಟುವ ‘ಮೇಕ್’ ಎಂಬ ಸಾಧನ ಬರೆದ. ಈಗಿನ ಗ್ರೇಡಲ್ ಮೊದಲಾದವು ಅದೇ ವಂಶದವು. ಆ್ಯಂಡ್ರಾಯ್ಡ್ ಪ್ರಾಜೆಕ್ಟ್ ಮಾಡುವವರು ಕಾಣುವ ‘ಗ್ರೇಡಲ್ ವ್ರ್ಯಾಪರ್’ ಎಂಬ ಪುಟ್ಟ ಕಡತಗಳು, ಗ್ರೇಡಲ್‌ನ ಯಾವ ಆವೃತ್ತಿಯಿಂದ ಕಟ್ಟಬೇಕೆಂಬುದನ್ನೂ ಬರೆದಿಟ್ಟುಕೊಂಡಿರುತ್ತವೆ. ಬೇಡದ ಕಸವೆಂದು ಅವನ್ನು ಅಳಿಸಬಾರದು.

ಹತ್ಯಾರದಲ್ಲೇ ವಿಷ ಬೆರೆತರೆ? 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಅಂಥದ್ದೊಂದನ್ನು ಬಯಲಿಗೆಳೆದ. ದೂರದ ಯಂತ್ರವೊಂದರೊಳಕ್ಕೆ ಪ್ರವೇಶ ಪಡೆಯುವಾಗ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದು ಅವನಿಗೆ ಸಂಶಯ ತಂದಿತ್ತು. ಹಿಂಬಾಲಿಸಿ ಹೋದಾಗ ‘ಎಕ್ಸ್‌ಜೆಡ್’ ಎಂಬ, ಕಡತಗಳನ್ನು ಕುಗ್ಗಿಸುವ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸಿಕ್ಕಿತು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಮೇಲ್ಪಟ್ಟು ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದವರು ಅದನ್ನು ಇಟ್ಟಿದ್ದರು. ಕಳ್ಳಬಾಗಿಲಿಗೆ ದಾರಿ ಮಾಡುವ ಸಾಲುಗಳು ಎಲ್ಲರೂ ಓದುವ ಮೂಲ ಕೋಡಿನಲ್ಲಿರಲಿಲ್ಲ. ಹಂಚಲೆಂದು ಕಟ್ಟಿದ ಗಂಟಿನಲ್ಲಿ, ಕೋಡನ್ನು ಕಟ್ಟುವ ಸ್ಕ್ರಿಪ್ಟಿನೊಳಗೆ ಅಡಗಿದ್ದವು. ಆ ಲೈಬ್ರರಿಯನ್ನು ವರ್ಷಗಳಿಂದ ನೋಡಿಕೊಂಡು ಬಂದಿದ್ದವನು ಬಿಡುವಿನ ವೇಳೆಯಲ್ಲಿ ದುಡಿಯುತ್ತಿದ್ದ ಒಬ್ಬ ಸ್ವಯಂಸೇವಕ. ಲೋಕದ ಅಸಂಖ್ಯ ಯಂತ್ರಗಳು ಅವನನ್ನು ನೆಚ್ಚಿದ್ದವು. ಅವನಿಗೆ ನೆರವಾಗಲು ಮುಂದೆ ಬಂದ ಕೈ ಮಾತ್ರ ಕಳ್ಳನದಾಗಿತ್ತು.

ನಾಲ್ಕನೆಯದು, ಯಾದಿ. ಮದುವೆಯ ಸಂತೆಗೆ ಹೋಗುವಾಗ ಯಾದಿ ಬರೆಯುವ ಪದ್ಧತಿ ನಮ್ಮ ಕಡೆ ಇದೆಯಲ್ಲ, ಹಾಗೆ ಒಂದು ಸಾಫ್ಟ್‌ವೇರಿನ ಒಳಗೆ ಏನೇನಿದೆ, ಯಾವ ಆವೃತ್ತಿ, ಯಾರು ಬರೆದದ್ದು, ಯಾವ ಷರತ್ತಿನ ಮೇಲೆ ಕೊಟ್ಟದ್ದು ಎಂಬುದರ ಪಟ್ಟಿ. 2021ರ ಡಿಸೆಂಬರ್‌ನಲ್ಲಿ ಜಾವಾದ ‘ಲಾಗ್‌ಫೋರ್‌ಜೆ’ ಎಂಬ ಲೈಬ್ರರಿಯಲ್ಲಿ ದೊಡ್ಡ ದೋಷ ಬಯಲಾಯಿತು. ನಡೆದ ಘಟನೆಗಳನ್ನು ಬರೆದಿಡುವುದು ಅದರ ಕೆಲಸ. ಅದು ಬರೆದಿಡಬೇಕಾದ ಮಾತಿನಲ್ಲೇ ಒಂದು ವಿಶೇಷ ಸಾಲು ತುರುಕಿದರೆ ಹೊರಗಿನವರು ಇಡೀ ಯಂತ್ರವನ್ನು ವಶಪಡಿಸಿಕೊಳ್ಳಬಹುದಾಗಿತ್ತು. ತಿದ್ದಿದ ಆವೃತ್ತಿ ಬೇಗನೇ ಬಂತು. ಆದರೆ ‘ನಮ್ಮ ಸಾಫ್ಟ್‌ವೇರಿನೊಳಗೆ ಅದು ಇದೆಯೇ?’ ಎಂಬ ಸರಳ ಪ್ರಶ್ನೆಗೆ ಉತ್ತರ ಹುಡುಕಲು ಎಷ್ಟೋ ಸಂಸ್ಥೆಗಳಿಗೆ ವಾರಗಳೇ ಬೇಕಾದವು. ಯಾದಿ ಇದ್ದವರಿಗೆ ಅದು ಕೆಲವು ನಿಮಿಷದ ಕೆಲಸ. ನಮ್ಮ ದೇಶದ ಕಂಪ್ಯೂಟರ್ ಭದ್ರತೆಯನ್ನು ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ ಇಂಥ ಯಾದಿ ಹೇಗಿರಬೇಕೆಂದು 2024ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ.

ಇನ್ನು ಮನೆಯ ಮಾತಿಗೆ ಬರೋಣ. ಕೊನೆಯ ವರ್ಷದ ಪ್ರಾಜೆಕ್ಟ್ ಬಂದಾಗ ಅನೇಕ ಮನೆಗಳಲ್ಲಿ ಒಂದು ಗಾಬರಿ. ಸಿದ್ಧ ಪ್ರಾಜೆಕ್ಟನ್ನು ಹಣ ಕೊಟ್ಟು ಕೊಳ್ಳುವವರೂ ಇದ್ದಾರೆ. ಇಂಥ ಪ್ರಾಜೆಕ್ಟ್ ಮನೆಯಲ್ಲಿ ಓಡುತ್ತದೆ, ಪರೀಕ್ಷೆಯ ದಿನ ಕಾಲೇಜಿನ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ‘ಸರ್, ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತಿತ್ತು’ ಎಂಬ ಮಾತು ಪರೀಕ್ಷಕರಿಗೆ ಬಾಯಿಪಾಠವಾಗಿದೆ. ಓಡದಿರಲು ಕಾರಣ ಹುಡುಕಿದರೆ ಮೇಲೆ ಹೇಳಿದ ನಾಲ್ಕರಲ್ಲಿ ಒಂದಾಗಿರುತ್ತದೆ. ಯಾವುದೋ ಪ್ಯಾಕೇಜಿನ ಆವೃತ್ತಿ ಬರೆದಿರುವುದಿಲ್ಲ, ಅಥವಾ ಹತ್ಯಾರದ ಆವೃತ್ತಿ ಬೇರೆ. ಬರೆದವನಿಗೆ ಹತ್ತು ನಿಮಿಷದಲ್ಲಿ ತಿಳಿಯುವುದು ಕೊಂಡವನಿಗೆ ತಿಂಗಳಾದರೂ ತಿಳಿಯುವುದಿಲ್ಲ. ಕೆಲಸದ ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳೂ ಅಲ್ಲಿಂದಲೇ ಹೊರಡುತ್ತವೆ: ಈ ಲೈಬ್ರರಿಯನ್ನೇ ಏಕೆ ಆರಿಸಿಕೊಂಡೆ? ಅದನ್ನು ನೋಡಿಕೊಳ್ಳುವವರು ಯಾರು? ಅವರು ಕೈಬಿಟ್ಟರೆ ಏನು ಮಾಡುತ್ತೀ?

ಈ ಮೂರು ಪ್ರಶ್ನೆಗಳನ್ನು ಕೇಳಲು ಪಾಲಕರಿಗೆ ಕಂಪ್ಯೂಟರ್ ಬರಬೇಕಾಗಿಲ್ಲ. ಮಗನೋ ಮಗಳೋ ಪ್ರಾಜೆಕ್ಟ್ ತೋರಿಸಿದಾಗ, ‘ಇದರಲ್ಲಿ ನೀನು ಬರೆದದ್ದು ಯಾವುದು, ತಂದದ್ದು ಯಾವುದು?’ ಎಂದು ಪ್ರೀತಿಯಿಂದ ಕೇಳಿ. ತಂದದ್ದು ಹೆಚ್ಚಿದ್ದರೆ ಬೈಯಬೇಡಿ, ಎಲ್ಲರೂ ತರುತ್ತಾರೆ. ತಂದದ್ದು ಎಲ್ಲಿಂದ ಎಂದು ಹೇಳಲು ಬಾರದಿದ್ದರೆ ಮಾತ್ರ ಕುಳಿತು ಯಾದಿ ಬರೆಯಲು ಹೇಳಿ.

ವಿದ್ಯಾರ್ಥಿಗಳು ಮಾಡಬೇಕಾದ ಒಂದು ಪರೀಕ್ಷೆಯಿದೆ, ಖರ್ಚಿಲ್ಲದ್ದು. ನಿಮ್ಮ ಪ್ರಾಜೆಕ್ಟ್ ಅಥವಾ ಪುಟ್ಟ ಎಸ್‌ಡಿಕೆ ಸಿದ್ಧವಾಯಿತು ಎನ್ನಿಸಿದ ದಿನ, ಅದನ್ನು ಎಂದೂ ನೋಡಿರದ ಗೆಳೆಯನ ಕಂಪ್ಯೂಟರಿಗೆ ಹಾಕಿ. ಬಳಸುವ ವಿವರಣೆಯನ್ನು ಒಂದು ಪುಟದಲ್ಲಿ ಬರೆದು ಅವನ ಕೈಗೆ ಕೊಡಿ. ಆಮೇಲೆ ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತುಬಿಡಿ. ಅವನು ಎಲ್ಲೆಲ್ಲಿ ನಿಂತು ನಿಮ್ಮ ಮುಖ ನೋಡುತ್ತಾನೋ ಅಲ್ಲೆಲ್ಲ ನೀವು ಬರೆಯದೆ ಬಿಟ್ಟ ಒಂದು ಅವಲಂಬನೆ ಇದೆ. ಅದನ್ನು ಗುರುತು ಹಾಕಿಕೊಂಡು ತಿದ್ದಿ, ಇನ್ನೊಬ್ಬ ಗೆಳೆಯನನ್ನು ಕರೆಯಿರಿ. ಅವನು ನಿಮ್ಮ ಮುಖ ನೋಡದೆ ಕೆಲಸ ಮುಗಿಸಿದ ದಿನ ನಿಮ್ಮ ಕಿಟ್ ಊರಾಚೆ ಹೋಗಲು ತಯಾರಾಯಿತು.